ನಾಲ್ಕನೆಯ ಗೂಟದ ಹಗ್ಗ

ಮೊದಲ ದಿನವೇ ಅವರು ನನ್ನ ಚಪ್ಪಲಿ ಬಿಚ್ಚಿಸಿದರು. ಹರಿಗೋಲಿನ ಅಂಚಿನ ಮೇಲೆ ಒಂದು ಕಾಲು ಇಟ್ಟಿದ್ದೆ, ಇನ್ನೊಂದು ಕೆಸರಿನಲ್ಲಿತ್ತು, ತಲೆಯ ಮೇಲೆ ಸಣ್ಣಗೆ ಮಳೆ ಬೀಳುತ್ತಿತ್ತು. ಅಂಥ ಹೊತ್ತಿನಲ್ಲಿ, "ಕಾಲಾಗಿರೋದ್ನ ಕೈಗ್ ತಗೊಳ್ಳಿ ಟೀಚರಮ್ಮ, ಆಮೇಲ್ ಹತ್ತೀರಂತೆ" ಎಂದರು. ನನಗೆ ರೇಗಿತು. ಆಗ ತಾನೇ ಕೆಲಸಕ್ಕೆ ಸೇರಿದ್ದ ಇಪ್ಪತ್ತೆರಡರ ಹುಡುಗಿ ನಾನು. ಕೈಯಲ್ಲಿ ಸರ್ಕಾರಿ ಆರ್ಡರು, ಮೂಗಿನ ತುದಿಯಲ್ಲಿ ಸಿಟ್ಟು. "ಯಾಕೆ, ನಿಮ್ಮ ಹರಿಗೋಲೇನು ದೇವಸ್ಥಾನವೇ?" ಎಂದೆ. ಅವರು ಹುಟ್ಟನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ನಕ್ಕರು.

"ದ್ಯಾವಸ್ಥಾನ ಅಲ್ಲ ಕಣವ್ವ, ಚರ್ಮ. ನಿಮ್ ಚಪ್ಲಿ ಮೊಳೆ ಚುಚ್ಕಂಡ್ರೆ ಇಬ್ರೂ ಮುಳುಗ್ತೀವಿ."

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಾಡಿಗೆ ಕೋಣೆ ಹಿಡಿದಿದ್ದ ಅಮೃತೂರಿನಿಂದ ಮೂರು ಮೈಲಿ ನಡೆದರೆ ಒಂದು ಕೆರೆ. ಕೆರೆಯ ಆಚೆ ದಡದಲ್ಲಿ ಮೂವತ್ತು ನಲವತ್ತು ಮನೆಗಳ ಹಳ್ಳಿ, ಆ ಹಳ್ಳಿಗೆ ಒಬ್ಬರೇ ಟೀಚರಿರುವ ಶಾಲೆ, ಆ ಒಬ್ಬರು ನಾನು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲೇ ನಡೆದು ಹೋಗಬಹುದಿತ್ತು. ಮಳೆ ಹಿಡಿದು ನೀರು ಬಂತೆಂದರೆ ಸಂಕ್ರಾಂತಿ ದಾಟುವವರೆಗೂ ಆ ಹರಿಗೋಲೇ ಗತಿ. ಅವರಿಗೆ ಆಗ ಐವತ್ತರ ಆಸುಪಾಸು. ಕುಳ್ಳು ಆಳು, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಬೀಡಿ. ಅದನ್ನು ಹಚ್ಚಿದ್ದನ್ನು ಮಾತ್ರ ನಾನು ನೋಡಿದ್ದು ಕಡಿಮೆ. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು 'ಅರ್ಗೋಲಯ್ಯ'. ನಿಜವಾದ ಹೆಸರು ನನಗೆ ಬಹಳ ತಡವಾಗಿ ಗೊತ್ತಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನಂತೂ ಯಜಮಾನರೇ ಎಂದು ಕರೆಯುತ್ತಿದ್ದೆ.

ಕೆರೆಯ ಜೊತೆ ಅವರಿಗೆ ಮಾತುಕತೆಯಿತ್ತು. ಗಾಳಿ ಎದ್ದ ದಿನ, "ಇವತ್ತ್ ಯಾಕೋ ಮುನಿಸ್ಕಂಡವ್ಳೆ, ಯಾರೂ ಅಲ್ಲಾಡಬ್ಯಾಡಿ" ಎನ್ನುತ್ತಿದ್ದರು. ಎಂಟು ಜನರ ಮೇಲೆ ಒಂಬತ್ತನೆಯವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಹಳ್ಳಿಯ ಪಟೇಲರ ಮನೆಯವರೇ ಬಂದು ನಿಂತಾಗಲೂ, "ಅರ್ಗೋಲಿಗೆ ಪಟೇಲ್ರು ಗೊತ್ತಿಲ್ಲ, ತೂಕ ಗೊತ್ತು" ಎಂದು ಹೇಳಿ ದಡದಲ್ಲೇ ಬಿಟ್ಟು ಹೊರಟರು. ನಾನು ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ.

ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಗಂಟು ಬರುತ್ತಿತ್ತು. ಈಚೆ ದಡದಲ್ಲಿ, ನೀರಿಗೆ ಹತ್ತಿರವಾಗಿ, ಅವರದೊಂದು ತೆಂಗಿನ ಗರಿಯ ಗುಡಿಸಲು. ಗಂಡ ಹೆಂಡತಿ ಅಲ್ಲೇ ಇದ್ದರು. ಆಚೆ ಹಳ್ಳಿಯವರು ಗಿರಣಿಗೆ ಒಯ್ಯುವ ರಾಗಿ, ಸಂತೆಯಿಂದ ತಂದ ಸಾಮಾನು, ಒಂದೇ ಸಲಕ್ಕೆ ಸಾಗಿಸಲಾಗದ್ದನ್ನೆಲ್ಲ ಅವರ ಗುಡಿಸಲಲ್ಲಿ ಇಟ್ಟು ಹೋಗುತ್ತಿದ್ದರು. ಯಾವ ಮೂಟೆ ಯಾರದು ಎಂದು ಗುರುತಿಗೆ ಒಂದೊಂದು ಮನೆಗೆ ಒಂದೊಂದು ಥರದ ಗಂಟು. ಕಣ್ಣು ಮುಚ್ಚಿ ಕೈಯಾಡಿಸಿ, "ಇದು ಮೂಲೆಮನೆಯೋರ್ದು, ಇದು ಬಾವಿಮನೆಯೋರ್ದು" ಎಂದು ಹೇಳಬಲ್ಲವರಾಗಿದ್ದರು. ನಾನು ಬಂದ ಎರಡನೆಯ ತಿಂಗಳಿಗೆ ನನಗೂ ಒಂದು ಗಂಟು ಹುಟ್ಟಿತು. ಎರಡು ಸುತ್ತು, ಕುಣಿಕೆಯಂಥ ಒಂದು ಕಿವಿ. "ಇದು ಟೀಚರಮ್ಮಂದು" ಎಂದು ತೋರಿಸಿದರು. ಇಲಾಖೆಯ ಆರ್ಡರು ಬಂದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ ನನಗೆ.

ಆ ಹಗ್ಗಗಳ ವಿಷಯದಲ್ಲಿ ಒಮ್ಮೆ ಬೈಸಿಕೊಂಡೂ ಇದ್ದೇನೆ. ಶಾಲೆಗೆ ಕುಣಿಗಲ್ಲಿನಿಂದ ಸ್ಲೇಟು ಬಳಪ ಬಂದಿತ್ತು. ಪೆಟ್ಟಿಗೆ ಒಂದೆಡೆ ಒಡೆದಿತ್ತೆಂದು ಅವರು ಹರಿಗೋಲಿನ ಹಗ್ಗದಲ್ಲೇ ಬಿಗಿದು ತಂದಿದ್ದರು. ಬಿಚ್ಚಲು ಬರದೆ ನಾನು ಪೆನ್ಸಿಲ್ ಹೆರೆಯುವ ಬ್ಲೇಡು ತೆಗೆದೆ. ಅವರು ಒಂದೇ ನೆಗೆತಕ್ಕೆ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಮುಖ ಬಿಳುಚಿಕೊಂಡಿತ್ತು.

"ಬ್ಯಾಡ ಕಣವ್ವ, ಬ್ಯಾಡ. ನಮ್ಮಪ್ಪನ್ ಕಾಲದಿಂದ್ಲೂ ಈ ಹಗ್ಗಕ್ಕೆ ಕಬ್ಬಿಣ ತಾಗಿಲ್ಲ. ಅರ್ಗೋಲಿನೋನು ಸತ್ತಾಗ ಒಂದ್ಸಲ ಕುಯ್ಯೋದು. ನಮ್ಮಪ್ಪ ಸತ್ತಾಗ ಒಂದ್ ಮೊಳ ಕುಯ್ದು ನೀರಿಗ್ ಬುಟ್ವಿ. ಅಷ್ಟೇಯ. ಅದ್ ಬುಟ್ರೆ ಕುಯ್ಯಂಗಿಲ್ಲ."

ಅವರ ಮನೆತನದ ನೇಮ ಅದು. ಆಮೇಲೆ ಅವರೇ ಕೂತು, ನಿಧಾನಕ್ಕೆ, ಹಲ್ಲಿನಿಂದ ಎಳೆದು ಬಿಚ್ಚಿಕೊಟ್ಟರು.

ಕಾಗದ ಕಂಡರೆ ಮಾತ್ರ ಅವರಿಗೆ ಒಂದು ಥರದ ಭಯಭಕ್ತಿ. ಹರಿಗೋಲಿನಲ್ಲಿ ಮಕ್ಕಳ ಕಾಪಿ ಪುಸ್ತಕದ ಚೂರು ಬಿದ್ದಿದ್ದರೂ ಎತ್ತಿ ಕಣ್ಣಿಗೊತ್ತಿಕೊಂಡು ನನಗೆ ಕೊಡುತ್ತಿದ್ದರು. ಅದು ಮಿಠಾಯಿ ಕಟ್ಟಿದ ಕಾಗದವೋ ಪಾಠದ ಹಾಳೆಯೋ ಅವರಿಗೆ ವ್ಯತ್ಯಾಸ ತಿಳಿಯದು. "ಅಕ್ಸರ ಐತಲ್ಲ" ಎನ್ನುತ್ತಿದ್ದರು. ರುಜು ಮಾಡುವಷ್ಟಾದರೂ ಕಲಿಸುತ್ತೇನೆಂದು ನಾನು ಹಟ ಹಿಡಿದೆ. ಒಂದು ಅಕ್ಷರ ಕಲಿತರು, ಎರಡನೆಯದಕ್ಕೆ ಬೆರಳು ನೋಯುತ್ತದೆಂದು ನೆಪ ಹೇಳಿ ಹುಟ್ಟು ಹಾಕಲು ಎದ್ದು ಹೋದರು.

ನಾನು ಬಂದ ಎರಡನೆಯ ವರ್ಷ, ದಸರಾ ರಜೆಯ ಹೊತ್ತಿಗೆ, ಮಳೆ ಹಿಡಿಯಿತು. ಮೂರು ದಿನ ಬಿಟ್ಟೂಬಿಡದೆ ಸುರಿಯಿತು. ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿಯತೊಡಗಿತು. ಊರಿನವರಿಗೆ ಖುಷಿಯೋ ಖುಷಿ, ಕೋಡಿಗೆ ಪೂಜೆ ಮಾಡಿ ಬಂದರು. ಕುಣಿಗಲ್ಲಿನ ಕಚೇರಿಯಿಂದ ನನಗೆ ಕರೆ ಬಂದಿತ್ತು: ಶಾಲೆಯ ದಾಖಲೆಗಳನ್ನೂ ನನ್ನ ಮೂಲ ಸರ್ಟಿಫಿಕೇಟುಗಳನ್ನೂ ತೋರಿಸಬೇಕು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ನನ್ನ ಎಸ್ಸೆಸ್ಸೆಲ್ಸಿ, ಟ್ರೇನಿಂಗಿನ ಸರ್ಟಿಫಿಕೇಟು, ನೇಮಕದ ಆರ್ಡರು, ಶಾಲೆಯಲ್ಲೇ ಇಟ್ಟಿದ್ದ ಎಲ್ಲವನ್ನೂ ನನ್ನ ತಗಡಿನ ಟ್ರಂಕಿಗೆ ಹಾಕಿ ಸಂಜೆ ಈಚೆ ದಡಕ್ಕೆ ಬಂದೆ. ಅಮೃತೂರಿನಿಂದ ಹೊರಡುವ ಬಸ್ಸು ಅವತ್ತು ಬಂದಿಲ್ಲವೆಂದು ದಾರಿಹೋಕರು ಹೇಳಿದರು. ಆ ಮಳೆಯಲ್ಲಿ ಟ್ರಂಕು ಹೊತ್ತು ಮೂರು ಮೈಲಿ ನಡೆಯುವುದು ಹೇಗೆ? ಬೆಳಿಗ್ಗೆ ಬಂದು ಒಯ್ಯುತ್ತೇನೆಂದು ಅವರ ಗುಡಿಸಲಲ್ಲಿ ಇಟ್ಟೆ.

ಇಟ್ಟವಳು ಸುಮ್ಮನೆ ಹೋಗಬೇಕಿತ್ತು. ಗುಡಿಸಲ ಸೂರಿನಿಂದ ಅಲ್ಲಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ, "ಯಜಮಾನ್ರೆ, ಏನಾದ್ರೂ ಮಾಡಿ, ಈ ಪೆಟ್ಟಿಗೆ ನೆನೀಬಾರ್ದು. ನನ್ನ ಜೀವನ ಎಲ್ಲಾ ಇದ್ರಲ್ಲೇ ಇದೆ" ಎಂದೆ. "ಒಂದ್ ಹನಿ ಬೀಳಾಕ್ ಬುಡಾಕಿಲ್ಲ, ಹೋಗ್ ಬನ್ನಿ" ಎಂದರು.

ಮಾಮೂಲಿಯಾಗಿ ಮಳೆ ಜೋರಾದರೆ ಹರಿಗೋಲನ್ನು ಮೇಲಿನ ದಿಬ್ಬಕ್ಕೆ ಉರುಳಿಸಿಕೊಂಡು ಹೋಗಿ ಹಿಪ್ಪೆ ಮರದ ಬುಡದಲ್ಲಿ ಕವುಚಿಡುತ್ತಿದ್ದರು. ಅವತ್ತು ಹಾಗೆ ಮಾಡಲಿಲ್ಲ. ಗುಡಿಸಲ ಪಕ್ಕದಲ್ಲೇ ಕಲ್ಲು ಹಲಗೆ ಜೋಡಿಸಿ, ಅದರ ಮೇಲೆ ನನ್ನ ಟ್ರಂಕು ಇಟ್ಟು, ಸುತ್ತ ಮಿಕ್ಕವರ ಸಾಮಾನು ಇಟ್ಟರು. ನಾಲ್ಕು ಮೂಟೆ ರಾಗಿ, ಆಚೆ ಹಳ್ಳಿಯ ನಾಟಕದವರ ಹಾರ್ಮೋನಿಯಂ, ಒಂದು ಮದುವೆ ಮನೆಯ ಹಿತ್ತಾಳೆ ಕೊಳಗ, ಅವರದೇ ಮನೆಯ ವರ್ಷದ ಕಾಳು. ಅದೆಲ್ಲದರ ಮೇಲೆ ಹರಿಗೋಲನ್ನು ಕವುಚಿದರು. ಗಾಳಿಗೆ ಹಾರಬಾರದೆಂದು ನಾಲ್ಕು ದಿಕ್ಕಿಗೆ ನಾಲ್ಕು ಗೂಟ ಹೊಡೆದು ತೆಂಗಿನ ನಾರಿನ ಹಗ್ಗದಿಂದ ಬಿಗಿದರು. ಮೇಲಿನಿಂದ ಬೀಳುವ ನೀರಿಗೆ ಅದಕ್ಕಿಂತ ಒಳ್ಳೆಯ ಸೂರು ಆ ಸೀಮೆಯಲ್ಲಿ ಇರಲಿಲ್ಲ. ಕೆಳಗಿನಿಂದ ಬರುವ ನೀರು ಅವರ ತಲೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ನೀರಿನ ಮೇಲೇ ಇದ್ದವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಆಮೇಲೆ ಊರೆಲ್ಲ ಆಡಿಕೊಂಡಿತು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ದಿಬ್ಬದ ಮೇಲೆ ಬಂದು ನಿಂತಾಗ ಮಳೆ ನಿಂತಿತ್ತು. ಬಿಸಿಲೂ ಸ್ವಲ್ಪ ಬಿದ್ದಿತ್ತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಮೇಲಿನ ಊರಿನ ಕೆರೆಯ ಏರಿ ಆ ಬೆಳಗಿನಲ್ಲೇ ಒಡೆದಿತ್ತು. ಅಷ್ಟೂ ನೀರು ಹಳ್ಳ ಹಿಡಿದು ನಮ್ಮ ಕೆರೆಗೆ ನುಗ್ಗಿತು. ನಾನು ನೋಡುತ್ತಿದ್ದಂತೆ ಗುಡಿಸಲ ಮುಂದಿನ ಒಲೆ ಮುಳುಗಿತು. ಅವರ ಹೆಂಡತಿ ಒಂದು ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ದಿಬ್ಬ ಹತ್ತಿ ಬಂದು, ತಿರುಗಿ ನಿಂತು, "ಬಾ ಮೇಲಕ್ಕೆ, ಬಾರೋ" ಎಂದು ಕೂಗತೊಡಗಿದರು. ಗಂಡನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಮೊಣಕಾಲುದ್ದ ನೀರಿನಲ್ಲಿ ಕೂತು ಗಂಟು ಬಿಚ್ಚುತ್ತಿದ್ದರು. ಒಂದು ಗೂಟದ್ದು ಬಿಚ್ಚಿತು. ಎರಡನೆಯದೂ ಬಿಚ್ಚಿತು. ನಾಲ್ಕೂ ಬಿಚ್ಚಿದ್ದರೆ ಹರಿಗೋಲನ್ನು ಮಗುಚಿ, ಕೈಗೆ ಸಿಕ್ಕಿದ್ದನ್ನು ಅದರೊಳಗೆ ಎಸೆದು, ತೇಲಿಕೊಂಡು ಬರುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ನೆಂದ ನಾರಿನ ಗಂಟು, ಅದೂ ಅವರ ಕೈಯ ಗಂಟು. ಎಳೆದಷ್ಟೂ ಬಿಗಿ. ಮೂರನೆಯದನ್ನು ಹಲ್ಲಿನಿಂದ ಕಚ್ಚಿ ಬಿಚ್ಚುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು.

ಅವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕುಡುಗೋಲಿನ ಹಿಡಿ ನನಗೆ ಕಾಣುತ್ತಿತ್ತು.

"ಕುಯ್ರಿ ಯಜಮಾನ್ರೆ! ಹಗ್ಗ ಕುಯ್ದಾಕ್ರಿ!" ಎಂದು ಕಿರುಚಿದೆ.

ಅವರು ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದರು. ಕೈ ಕುಡುಗೋಲಿನ ಹಿಡಿಯ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ನಾಲ್ಕನೆಯ ಗಂಟಿಗೇ ಬಾಗಿದರು.

ನೀರು ಹರಿಗೋಲಿನ ಅಡಿಗೆ ನುಗ್ಗಿ ಬಿಚ್ಚಿದ ಮೂರು ಕಡೆಯಿಂದ ಅದನ್ನು ಎತ್ತಿತು. ನಾಲ್ಕನೆಯ ಗೂಟ ಬಿಡಲಿಲ್ಲ. ಹರಿಗೋಲು ನಿಂತಲ್ಲೇ ಒಂದು ಸುತ್ತು ತಿರುಗಿ, ಹಗ್ಗಕ್ಕೆ ಜಗ್ಗಿ, ಬಿದಿರು ಲಟಲಟ ಮುರಿದು, ಚರ್ಮ ಸೀಳಿಹೋಯಿತು. ಅಡಿಯಲ್ಲಿದ್ದ ಮೂಟೆಗಳು ಅಲ್ಲೇ ಮುಳುಗಿದವು. ಹಾರ್ಮೋನಿಯಂ ಸ್ವಲ್ಪ ದೂರ ತೇಲಿತು. ನನ್ನ ಟ್ರಂಕು ಎಲ್ಲಕ್ಕಿಂತ ಹೆಚ್ಚು ಹೊತ್ತು ತೇಲಿತು, ಬಿಸಿಲಿಗೆ ಮಿಂಚುತ್ತ ಕೋಡಿಯ ಕಡೆಗೆ ಹೋಗಿ ಕೆಳಗೆ ಬಿತ್ತು. ಅವರು ಅದರ ಹಿಂದೆ ಈಜಿದರು. ಯಾರೋ ಏರಿಯ ಮೇಲಿನಿಂದ ಇಳಿದು ಅವರನ್ನು ಹಿಡಿದು ಎಳೆಯದಿದ್ದರೆ ಅವರೂ ಕೋಡಿಯಿಂದ ಕೆಳಗೆ ಬೀಳುತ್ತಿದ್ದರು.

ದಿಬ್ಬದ ಮೇಲೆ ಬಂದು ಕೂತವರು ನನಗೆ ಹೇಳಿದ್ದು ಒಂದೇ ಮಾತು. "ನೆನೀಬಾರ್ದು ಅಂದಿದ್ರಿ."

ನಾನು ಅವರನ್ನು ಸಮಾಧಾನ ಮಾಡಬೇಕಿತ್ತು. ಮಾಡಲಿಲ್ಲ. ನನ್ನ ಸರ್ಟಿಫಿಕೇಟು ಹೋಯಿತಲ್ಲ ಎಂದು ಅಳುತ್ತಿದ್ದೆ. ಅವರ ಗುಡಿಸಲು, ಕಾಳು, ಹರಿಗೋಲು, ಇಡೀ ಬದುಕು ಹೋಗಿತ್ತು. ಅಲ್ಲಿ ಗಟ್ಟಿಯಾಗಿ ಅತ್ತವಳು ಮಾತ್ರ ನಾನು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಊರಿನವರು ಅವರನ್ನು ದೂರಲಿಲ್ಲ. ಮದುವೆ ಮನೆಯವರು ಕೂಡ ಬಂದು, "ನಿನ್ ಜೀವ ಉಳೀತಲ್ಲ ಬುಡು" ಎಂದರು. ಹೊಸ ಹರಿಗೋಲಿಗೆ ಬಿದಿರು ಕೊಡಿಸುತ್ತೇವೆಂದೂ ಹೇಳಿದರು. ಅವರು ಒಪ್ಪಲಿಲ್ಲ. ನೀರು ಇಳಿದ ಮೇಲೆ ಹೋಗಿ ಗೂಟದಲ್ಲಿ ಉಳಿದಿದ್ದ ಆ ನಾಲ್ಕನೆಯ ಹಗ್ಗದ ಪಕ್ಕ ದಿನವೂ ಕೂರುತ್ತಿದ್ದರಂತೆ. ಎಂಟು ದಿನದ ಬಿಸಿಲಿಗೆ ನಾರು ಒಣಗಿತು. ಒಂಬತ್ತನೆಯ ದಿನ ಬೆರಳು ತಾಗಿಸಿದ್ದಕ್ಕೇ ಗಂಟು ಸಡಿಲಾಯಿತೆಂದು ಅವರ ಹೆಂಡತಿ ನನಗೆ ಹೇಳಿದರು.

ಇಪ್ಪತ್ತು ದಿನಗಳಾದ ಮೇಲೆ ಅವರು ಅಮೃತೂರಿನ ನನ್ನ ಬಾಡಿಗೆ ಕೋಣೆಗೆ ಬಂದರು. ತಲೆಯ ಮೇಲೆ ನನ್ನ ಟ್ರಂಕು. ಕೋಡಿಯಿಂದ ಎರಡು ಮೈಲಿ ಕೆಳಗೆ ಯಾರದೋ ಗದ್ದೆಯ ಕೆಸರಿನಲ್ಲಿ ಸಿಕ್ಕಿತಂತೆ. ನೆಗ್ಗಿದ್ದ ತಗಡನ್ನು ಬಡಿದು ನೆಟ್ಟಗೆ ಮಾಡಿ, ತೊಳೆದು, ಒಣಗಿಸಿ, ಹಗ್ಗ ಸುತ್ತಿ ತಂದಿದ್ದರು.

"ಬೀಗ ಕಿತ್ತೋಗಿತ್ತು. ಕಾಗ್ದ ಎಲ್ಲಾ ಹಳ್ಳದುದ್ದಕ್ಕೂ ಚೆಲ್ಲಾಡಿದ್ವು. ಸಿಕ್ಕಿದಷ್ಟೂ ಒಣಗ್ಸಿ ಮಡಗಿವ್ನಿ. ನೋಡ್ಕಳಿ."

ಬಿಚ್ಚಿ ನೋಡುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ದಾಖಲೆ ಕಳೆದದ್ದಕ್ಕೆ ಕಾರಣ ಕೇಳಿ ಕಾಗದ ಬಂದಿತ್ತು, ಸರ್ಟಿಫಿಕೇಟುಗಳ ನಕಲಿಗೆ ಬೆಂಗಳೂರಿಗೆ ಅರ್ಜಿ ಹೋಗಿತ್ತು. ಕೆಸರು ಮೆತ್ತಿದ ಚೂರುಗಳನ್ನು ನೋಡಿ ಏನು ಮಾಡಲಿ? ಅದೂ ಅಲ್ಲದೆ ಹಗ್ಗದ ಮೇಲೆ ಅವರ ಗಂಟಿತ್ತು, ಎರಡು ಸುತ್ತು, ಒಂದು ಕಿವಿ. ಕತ್ತರಿಸುವಂತಿಲ್ಲ, ಬಿಚ್ಚಲು ನನಗೆ ಬರುವುದಿಲ್ಲ ಎಂದು ನೆಪ ಮಾಡಿಕೊಂಡೆ. ಟ್ರಂಕನ್ನು ಹಾಗೇ ಮಂಚದ ಕೆಳಗೆ ತಳ್ಳಿದೆ.

ಮುಂದಿನ ವರ್ಷ ನನಗೆ ನಮ್ಮೂರು ನಿಟ್ಟೂರಿಗೇ ವರ್ಗವಾಯಿತು. ಟ್ರಂಕು ನನ್ನ ಜೊತೆ ಬಂದು ಅಟ್ಟ ಹತ್ತಿತು. ಅವರನ್ನು ಮತ್ತೆ ನೋಡಿದ್ದು ಗುಬ್ಬಿಯ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿನ ನೆಂಟರ ಮನೆಯಿಂದ ಹೊರಟ ಗಂಡ ಹೆಂಡತಿ ಎರಡು ಗಂಟುಮೂಟೆ ಇಟ್ಟುಕೊಂಡು ತುಮಕೂರಿನ ಬಸ್ಸಿಗೆ ಕಾಯುತ್ತಿದ್ದರು. ತುಮಕೂರಿನ ಪಕ್ಕದ ಸತ್ಯಮಂಗಲದ ಕಡೆ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ನೀರು ಬಿಟ್ಟು ಬಂದವರು ಆ ಧೂಳಿನಲ್ಲಿ ಬಹಳ ಸಣ್ಣವರಾಗಿ ಕಂಡರು. ಕಂಡ ಕೂಡಲೇ ಕೇಳಿದರು.

"ಟೀಚರಮ್ಮ, ಕಾಗ್ದ ಎಲ್ಲಾ ಸರ್ಯಾಗಿದ್ವಾ?"

"ಎಲ್ಲಾ ಸರಿಯಾಗಿದ್ವು ಯಜಮಾನ್ರೆ" ಎಂದೆ.

ಅವರು ಉಸಿರು ಬಿಟ್ಟರು. ಹೆಂಡತಿಯ ಕಡೆ ತಿರುಗಿ, "ನಾನ್ ಏಳ್ಲಿಲ್ವಾ?" ಎಂದರು.

ಎಂಬತ್ತರ ದಶಕದಲ್ಲಿ ನಾನು ತುಮಕೂರಿನ ಶಾಲೆಯೊಂದಕ್ಕೆ ಬಂದ ಮೇಲೆ ಒಂದು ಭಾನುವಾರ ಅವರ ವಿಳಾಸ ಹುಡುಕಿಕೊಂಡು ಹೋದೆ. ಒಂದು ಸಣ್ಣ ಕಾರ್ಖಾನೆಯಲ್ಲಿ ಟೆಂಪೋಗಳಿಗೆ ಲೋಡು ಕಟ್ಟುವ ಕೆಲಸ ಮಾಡುತ್ತಿದ್ದರು. ಗೇಟಿನ ಆಚೆ ನಿಂತು ನೋಡಿದೆ. ಟೆಂಪೋದ ಮೇಲೆ ಹತ್ತಿ ಹಗ್ಗ ಬೀಸಿ ಕಟ್ಟಿದರು, ಆಮೇಲೆ ತಾವೇ ತುದಿ ಹಿಡಿದು ಎಳೆದರು. ಅಷ್ಟೂ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಮತ್ತೆ ಹಾಗೇ ಕಟ್ಟಿದರು. ಆ ಮಳೆಯಾದ ಮೇಲೆ ಅವರು ಇದನ್ನು ಬಿಟ್ಟು ಬೇರೆ ಥರದ ಗಂಟು ಹಾಕಿಯೇ ಇಲ್ಲವಂತೆ. ಡ್ರೈವರು ತಮಾಷೆ ಮಾಡಿದ: "ಯಜಮಾನ, ದಾರೀಲಿ ಬಿಚ್ಕೊಂಡ್ರೆ ಏನ್ ಮಾಡ್ತೀಯ?"

"ಬಿಚ್ಕಳಾಕಿಲ್ಲ ಕಣಪ್ಪ. ನೀನ್ ಎಳುದ್ರೆ ಮಾತ್ರ ಬಿಚ್ಕತದೆ" ಎಂದರು.

ಅವತ್ತೂ ನನ್ನನ್ನು ಕೇಳಿದ್ದು ಅದೇ ಪ್ರಶ್ನೆ. ನಾನು ಹೇಳಿದ್ದು ಅದೇ ಸುಳ್ಳು. ಹೋದವಳು ಒಂದು ಡಜನ್ ಬಾಳೆಹಣ್ಣು ಕೊಟ್ಟು, ಚಹಾ ಕುಡಿದು ಬಂದೆ. ನನ್ನ ಪೆಟ್ಟಿಗೆಯ ದೆಸೆಯಿಂದ ನಿಮ್ಮ ಹರಿಗೋಲು ಹೋಯಿತು, ಅವತ್ತು ನಾನು ಸುಮ್ಮನಿದ್ದಿದ್ದರೆ ಅದು ಹಿಪ್ಪೆ ಮರದ ಕೆಳಗೆ ಭದ್ರವಾಗಿ ಇರುತ್ತಿತ್ತು ಎಂದು ಹೇಳಲು ಹೋಗಿದ್ದೆ. ಹೇಳದೆಯೇ ಬಸ್ಸು ಹತ್ತಿದೆ.

ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಹತ್ತನೆಯ ದಿನ ಅವರ ಹೆಂಡತಿ ಶಾಲೆಗೇ ಹುಡುಕಿಕೊಂಡು ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಅಳಲಿಲ್ಲ.

"ನಾಳೆ ಕೆರೆತಾವ ಹೋಗ್ಬೇಕು ಕಣವ್ವ. ಹಗ್ಗ ಕುಯ್ದು ನೀರಿಗ್ ಬುಡ್ಬೇಕು. ನಮ್ತಾವ ಅರ್ಗೋಲಿನ್ ಹಗ್ಗ ಒಂದ್ ಎಳೇನೂ ಉಳ್ದಿಲ್ಲ. ನಿಮ್ ಪೆಟ್ಗೆಗೆ ಕಟ್ಟಿದ್ದೇ ಕಡೇದು, ಆ ನಾಕ್ನೇ ಗೂಟದ್ದು. ನೀವ್ ಇಟ್ಟಿದ್ರೆ ಕೊಡ್ತೀರಾ?"

ನಿಟ್ಟೂರಿನ ಮನೆಯಿಂದ ಆ ಟ್ರಂಕನ್ನು ಆಗಲೇ ತುಮಕೂರಿಗೆ ತಂದಿದ್ದೆ. ಮನೆಗೆ ಹೋಗಿ ಅಟ್ಟದಿಂದ ಇಳಿಸಿ ಮುಂದೆ ಕೂತೆ. ಹಗ್ಗ ತುಂಡಾಗಬಾರದು, ಬಿಚ್ಚಲು ಒಂದು ಮಧ್ಯಾಹ್ನವೇ ಬೇಕಾದೀತು ಎಂದುಕೊಂಡು ಗಂಟಿನ ಕಿವಿಯ ತುದಿಯನ್ನು ಹಿಡಿದು ಎಳೆದೆ. ಸರ್ರನೆ ಬಿಚ್ಚಿಕೊಂಡಿತು. ಎರಡು ಸುತ್ತೂ ಸಡಿಲಾಗಿ ನನ್ನ ಮಡಿಲಿಗೆ ಬಿದ್ದವು. ನನಗೆ ಬಿಚ್ಚಲು ಬರಲಿ ಎಂದು ಅಂಥ ಗಂಟು ಹಾಕಿದ್ದರು. ಇಷ್ಟು ವರ್ಷ ನಾನು ಅದಕ್ಕೆ ಬೆರಳೂ ತಾಗಿಸಿರಲಿಲ್ಲ.

ಮುಚ್ಚಳ ತೆಗೆದೆ. ಟ್ರಂಕಿನ ತುಂಬ ಕಾಗದ. ಒಂದರ ಮೇಲೊಂದು ಮಟ್ಟಸವಾಗಿ, ಮೂಲೆ ಮಡಿಸದಂತೆ ಜೋಡಿಸಿಟ್ಟ ಕಾಗದ. ಮೇಲಿನದು ಯಾವುದೋ ಊರಿನ ನಾಟಕದ ಕರಪತ್ರ. ಅದರ ಕೆಳಗೆ ಒಂದು ಮದುವೆಯ ಕರೆಯೋಲೆ. ಕ್ಯಾಲೆಂಡರಿನ ಹಾಳೆಗಳು. ಗೊಬ್ಬರದ ಚೀಲದಿಂದ ಕಿತ್ತು ಬಂದ ಚೀಟಿ. ಬೀಡಿ ಕಟ್ಟಿನ ಲೇಬಲ್ಲುಗಳು, ಸೋಪು ಸುತ್ತಿದ ಕಾಗದ, ಬಸ್ಸಿನ ಟಿಕೆಟುಗಳು, ಯಾರೋ ಮಗ ತಾಯಿಗೆ ಬರೆದ, ಶಾಯಿ ಹರಡಿದ ಇನ್‌ಲ್ಯಾಂಡ್ ಪತ್ರ. ನಡುನಡುವೆ ಏನೂ ಉಳಿಯದ, ಬರೀ ಗೆರೆ ಇದ್ದ ಹಾಳೆಗಳು. ಒಂದೊಂದನ್ನೂ ಕೆಸರು ತೊಳೆದು, ಬಂಡೆಯ ಮೇಲೆ ಹರಡಿ ಒಣಗಿಸಿದ್ದರು. ಹರಿಗೋಲಿಲ್ಲದ ಆ ಇಪ್ಪತ್ತು ದಿನ, ಸೂರಿಲ್ಲದ ಮನುಷ್ಯ, ಹಳ್ಳದುದ್ದಕ್ಕೂ ನಡೆದು, ಅಕ್ಷರ ಇದ್ದದ್ದೆಲ್ಲ ಟೀಚರಮ್ಮನದೇ ಎಂದು ಎತ್ತಿ, ಕಣ್ಣಿಗೊತ್ತಿಕೊಂಡು, ತಂದು ಇಟ್ಟಿದ್ದರು. ಕೊನೆಯ ಚೂರಿನವರೆಗೂ ತೆಗೆದು ನೋಡಿದೆ. ನನ್ನದು ಒಂದೂ ಇರಲಿಲ್ಲ. ಟ್ರಂಕಿನ ಮೇಲೆ ತಲೆಯಿಟ್ಟು ಅತ್ತೆ. ಈ ಸಲ ಅವರಿಗಾಗಿ ಅತ್ತೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಅಮೃತೂರಿನ ಬಸ್ಸು ಹಿಡಿದು, ಅಲ್ಲಿ ಇಳಿದು ಕೆರೆಯ ತನಕ ನಡೆದೆವು. ಆಚೆ ಹಳ್ಳಿಗೆ ಆಗಲೇ ರಸ್ತೆ ಸುತ್ತಿಕೊಂಡು ಹೋಗಿತ್ತು, ಹರಿಗೋಲು ಯಾರಿಗೂ ಬೇಕಿರಲಿಲ್ಲ. ಹಿಪ್ಪೆ ಮರ ಇತ್ತು. ಗುಡಿಸಲಿದ್ದ ಕಡೆ ನೀರು ನಿಂತಿತ್ತು. ನಾವು ಅಲ್ಲಿಯೇ ದಡದಲ್ಲಿ ಕೂತೆವು. ನಾನು ಚೀಲದಿಂದ ಹಗ್ಗ ತೆಗೆದುಕೊಟ್ಟೆ. ಅವರು ಅದನ್ನು ಕೈಯಲ್ಲಿ ಅಳೆಯುತ್ತ, ತಲೆಯೆತ್ತದೆ ಕೇಳಿದರು.

"ಅವ್ರು ಕಡೇಗಂಟ್ಲೂ ಅದ್ನೇ ಯೋಚ್ನೆ ಮಾಡೋರು ಕಣವ್ವ. ನಂಗ್ ಬ್ಯಾಸರ ಆಗಬಾರ್ದು ಅಂತ ಟೀಚರಮ್ಮ ಸುಮ್ಕೆ ಹೇಳಿರ್ಬೋದಾ ಅನ್ನೋರು. ನಿಜ ಹೇಳಿ. ಕಾಗ್ದ ಎಲ್ಲಾ ಸರ್ಯಾಗಿದ್ವಾ?"

"ನಿನ್ನೆ ಎಲ್ಲಾ ತೆಗ್ದು ನೋಡ್ದೆ ಅಕ್ಕ" ಎಂದೆ. "ಎಲ್ಲಾ ಸರಿಯಾಗಿದ್ವು. ಒಂದೂ ಹಾಳಾಗಿರ್ಲಿಲ್ಲ."

ಅವರು ತಲೆಯಾಡಿಸಿದರು. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಗ್ಯಾಗಿ ಹಿಡ್ಕಳಿ" ಎಂದರು. ಮಡಿಲಿನಿಂದ ಗಂಡನ ಕುಡುಗೋಲು ತೆಗೆದರು. ನಾನು ಬಿಗಿಯಾಗಿ ಹಿಡಿದುಕೊಂಡೆ. ಅಷ್ಟು ವರ್ಷದ ಹಗ್ಗ, ಗಟ್ಟಿಯಾಗಿದ್ದೀತು, ಬಹಳ ಹೊತ್ತು ಕುಡುಗೋಲು ಎಳೆಯಬೇಕಾದೀತು ಎಂದುಕೊಂಡಿದ್ದೆ.

ಒಂದೇ ಎಳೆತಕ್ಕೆ ತುಂಡಾಯಿತು.